ಚಿಲ್ಲರೆ ಬಾಕಿ

ಡಿಪೋದವರು ಹಾರ ಹಾಕಿ ಕಳಿಸಿದ ಮೇಲೆ
ಮೂರು ತಿಂಗಳು ಸುಮ್ಮನೆ ಕೂತೆ ಹಾಸನದಲ್ಲಿ.
ಹೆಬ್ಬೆರಳು ಮಾತ್ರ ಸುಮ್ಮನಿರಲಿಲ್ಲ,
ನಿದ್ದೆಯಲ್ಲೂ ಇಲ್ಲದ ಟಿಕೆಟ್ಟು ಹರಿಯುತ್ತಿತ್ತು.
ಬೇಲೂರಿನ ಕಡೆ ಹಕ್ಕಿಪಿಕ್ಕಿ ಕಾಲೊನಿಯಲ್ಲಿ
ಸಂಜೆ ಶಾಲೆ ಇದೆ, ಅಂದರು ಯಾರೋ.
ಸಂಬಳ ಇಲ್ಲ. ಒಂದು ರೂಮು, ಒಂದು ಬೋರ್ಡು,
ಲೆಕ್ಕ ಹೇಳಿಕೊಡುವವರು ಬೇಕು.
ಲೆಕ್ಕ ತಾನೆ, ಅಂದೆ.
ಮೂವತ್ತೊಂದು ವರ್ಷ ನಿಂತುಕೊಂಡೇ ಮಾಡಿದ್ದು ಅದನ್ನೇ.

ಮೊದಲ ವಾರ ನೀರಿನ ಹೊತ್ತು ತಿಳಿಯಲಿಲ್ಲ.
ನಸುಕಿನಲ್ಲಿ ನಲ್ಲಿ ಎರಡು ಸಲ ಕೆಮ್ಮುತ್ತದೆ,
ಅಷ್ಟರಲ್ಲಿ ಬಿಂದಿಗೆ ಸಾಲಿನಲ್ಲಿರಬೇಕು.
ಸಾಲು ಕಂಡರೆ ಬಾಯಿಗೆ ತಾನಾಗಿ ಬಂತು:
"ಮುಂದೆ ಹೋಗಿ, ಮುಂದೆ ಹೋಗಿ!"
ಹೆಂಗಸರು ತಮ್ಮ ಮಾತಿನಲ್ಲಿ ಏನೋ ಅಂದು ನಕ್ಕರು.
ಪಾನಿ ಎಂಬುದೊಂದೇ ಕೈಗೆ ಸಿಕ್ಕಿತು,
ಉಳಿದದ್ದು ನನ್ನ ತಲೆಯ ಮೇಲಿಂದ ಹರಿದು ಹೋಯಿತು.
ರಾತ್ರಿ ಮಂಚ ಅಲ್ಲಾಡುವುದಿಲ್ಲ,
ಅದಕ್ಕೇ ಇರಬೇಕು, ಕಣ್ಣು ಹತ್ತುವುದಿಲ್ಲ.

ಹಾಜರಿ ಕೂಗುವುದೂ ರೂಢಿಯಾಗಬೇಕಿತ್ತು.
ಗ್ಲೂಕೋಸ್? ಇದ್ದೀನಿ ಸಾ.
ಕಮಿಷನರ್? ಜ್ವರ ಸಾ.
ಶಿಲಾಂಗ್?
ಎರಡು ಜಡೆಯ ಹುಡುಗಿ, ಎದ್ದು ನಿಂತರೂ ಬೆಂಚಿನಷ್ಟೇ ಎತ್ತರ.
ಬಂದ ನಗೆಯನ್ನು ನುಂಗಿಕೊಂಡೆ.
ಆರಡಿ ಎರಡಂಗುಲ, ತೊಂಬತ್ತು ಕೇಜಿ,
ನನ್ನ ಹೆಸರು ಸಣ್ಣಸ್ವಾಮಿ.
ಅವರು ನಕ್ಕಿರಲಿಲ್ಲವಲ್ಲ.

ಭೂಪಟ ಬಿಚ್ಚಿದ ದಿನ ನಮ್ಮ ದೇಶದ ಮೇಲೆ ಕೋಲಿಟ್ಟೆ.
ಬೆರಳುಗಳೆಲ್ಲ ಎಡಕ್ಕೆ, ಸಮುದ್ರ ದಾಟಿ ಓಡಿದವು.
ಇಲ್ಲಿ ನಮ್ಮ ಚಿಕ್ಕಪ್ಪ. ಇಲ್ಲಿ ಗ್ಲೂಕೋಸ್‌ನ ಅವ್ವ.
ಟೋಗೊ, ಕ್ಯಾಮರೂನ್, ಗ್ಯಾಬೊನ್,
ನಾನು ಹಗರೆ, ಹಳೇಬೀಡು ಅಂತ ಕೂಗುತ್ತಿದ್ದ ಹಾಗೆ.
"ನಮ್ಮಪ್ಪ ಕೂದಲಿನ ಎಣ್ಣೆ ಮಾರ್ತಾನೆ ಸಾ, ಇಕಾ, ಈ ಊರಲ್ಲಿ."
ಅಕ್ಷರ ಕೂಡಿಸಿ ಓದಿದೆ, ಲಿಬರ್‌ವಿಲ್ಲೆ.
"ಅಲ್ಲ ಸಾ, ಲೀಬ್ರವೀಲ್.
ಗಂಟಲಲ್ಲಿ ಸ್ವಲ್ಪ ಕೆರಕೊಂಡು ಹೇಳಬೇಕು."
ಕೆರೆದುಕೊಂಡೆ. ಕೆಮ್ಮು ಬಂತು.
ನನ್ನ ಗಾಡಿ ಧರ್ಮಸ್ಥಳದಿಂದ ಆಚೆಗೆ ಹೋದದ್ದಿಲ್ಲ.

ಅವಳ ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದವಳು
ಒಂದು ಸಂಜೆ ಒಳಗೆ ಬಂದು ಕೈ ಚಾಚಿದಳು.
"ಎಂಟಾಣೆ ಬಾಕಿ."
ಏನಜ್ಜಿ?
"ಹೊಳೆನರಸೀಪುರದ ಗಾಡಿ. ಟಿಕೆಟ್ಟಿನ ಹಿಂದೆ ಬರೆದುಕೊಟ್ಟೆ,
ಇಳಿಯುವಾಗ ಕೊಡ್ತೀನಿ ಅಂದೆ.
ನಡುದಾರಿಯಲ್ಲಿ ಗಂಟು ನಾರುತ್ತದೆ ಅಂತ
ಗಂಟನ್ನೂ ಇಳಿಸಿದೆ, ನನ್ನನ್ನೂ ಇಳಿಸಿದೆ, ರೈಟ್ ಅಂದೆ."
ಅದು ನಾನಲ್ಲ, ಎನ್ನಲು ಬಾಯಿ ತೆರೆದೆ.
ನಾನೇ ಇರಬಹುದು.
ಆ ರೂಟಿನಲ್ಲಿ ಆರು ವರ್ಷ. ಎಷ್ಟು ಗಂಟು ಇಳಿಸಿದೆನೋ,
ಲೆಕ್ಕ ಇಟ್ಟವರು ಯಾರು?
ಜೇಬಿನಲ್ಲಿ ಎಂಟಾಣೆ ಇರಲಿಲ್ಲ, ಈಗ ಯಾರಲ್ಲೂ ಇರುವುದಿಲ್ಲ.
ರೂಪಾಯಿ ಕೊಡಹೋದೆ.
"ನನ್ನ ಹತ್ತಿರ ಚಿಲ್ಲರೆ ಇಲ್ಲ," ಅಂದಳು,
ಗಟ್ಟಿಯಾಗಿ, ನನ್ನದೇ ಧಾಟಿಯಲ್ಲಿ.
ಇಡೀ ತರಗತಿ ನಕ್ಕಿತು.
ನಾನು ಬೋರ್ಡಿನ ಕಡೆ ತಿರುಗಿ
ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಮರುದಿನ ಪಡಸಾಲೆಯಲ್ಲಿ ಕೂರಿಸಿ
ಅದೇ ಅಜ್ಜಿ ನನ್ನ ಬೋಳುತಲೆಗೆ ಎಣ್ಣೆ ಹಚ್ಚಿದಳು.
ಬೆಳೆಯುತ್ತದಾ ಅಜ್ಜಿ?
"ಬೆಳೆಯದಿದ್ದರೆ ನಿದ್ದೆಯಾದರೂ ಬರುತ್ತದೆ."
ಬಂತು ಕೂಡ.

ಈಗ ಮಳಿಗೆಯ ಮೂಲೆಯಲ್ಲಿ ನೆಟ್‌ವರ್ಕ್ ಸಿಗುವ ಕಲ್ಲು ಗೊತ್ತು,
ಯಾವ ನಾಯಿ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಗೊತ್ತು.
ನಿನ್ನೆ ಸಂಜೆ ಆರಕ್ಕೆ ಶಿಲಾಂಗ್ ಫೋನು ಹಿಡಿದು ಬಂದಳು.
ಗಾಳಿ, ಹಾರ್ನು, ಗೊತ್ತಿಲ್ಲದ ಜನರ ಗದ್ದಲ,
ನಡುವೆ ಅವಳ ಅಪ್ಪನ ಕನ್ನಡ:
"ಮೇಷ್ಟ್ರೇ, ಲೆಕ್ಕ ಹೇಳ್ತೀರಂತೆ,
ಇಲ್ಲಿ ಈಗ ಎಷ್ಟು ಗಂಟೆ ಹೇಳಿ ನೋಡೋಣ."
ನಾಲ್ಕೂವರೆ ಹಿಂದೆ, ಅಂತ ಅವಳೇ ಕಲಿಸಿದ್ದಳು.
ಐದು, ನಾಲ್ಕು, ಮೂರು, ಎರಡು,
ಮಕ್ಕಳೆಲ್ಲ ನನ್ನ ಬೆರಳನ್ನೇ ನೋಡುತ್ತಿವೆ.
ಅರ್ಧ ಗಂಟೆಗೆ ಬೆರಳೆಲ್ಲಿದೆ?
ಶಿಲಾಂಗ್ ಹತ್ತಿರ ಬಂದು
ನನ್ನ ಕಿರುಬೆರಳನ್ನು ನಡುಗೆಣ್ಣಿಗೆ ಮಡಚಿ ಹಿಡಿದಳು,
ನಾನು ಹೇಳಿ ಮುಗಿಸುವ ತನಕ.